ಬೆಳ್ಳಗಿರುವುದೆಲ್ಲ ಕ್ಯಾನ್ಸರ್ ಅಲ್ಲ: ಸ್ತನದ ಎಂಆರ್‌ಐ ಓದುವಾಗ ಎಡವುವ ಜಾಗಗಳು

ಸ್ತನದ ಎಂಆರ್‌ಐ ಚಿತ್ರ ತೆರೆದ ಕೂಡಲೇ ಕಣ್ಣು ಹೋಗುವುದು ಬಿಳಿ ಚುಕ್ಕೆಯ ಕಡೆಗೆ. ಸುತ್ತ ಕಪ್ಪು, ಬೂದು. ನಡುವೆ ಒಂದು ಹೊಳಪು. ರೋಗಿಗೆ, ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಈ ಕೆಲಸ ಈಗಷ್ಟೇ ಕಲಿಯುತ್ತಿರುವ ಡಾಕ್ಟರೂ ಅಲ್ಲೇ ನಿಂತುಬಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಇದೆಯಲ್ಲ, ಈ ಸ್ಕ್ಯಾನ್ ಓದುವವರು ಅದನ್ನು ದಿನಾ ನೆನೆಸಿಕೊಳ್ಳಬೇಕು. ಜೊತೆಗೆ ಅದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು: ಹೊಳೆಯದೇ ಇದ್ದದ್ದೆಲ್ಲ ನಿರಪಾಯವೂ ಅಲ್ಲ.

ಈ ಬಿಳುಪು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ಎಷ್ಟೋ ತಪ್ಪುಗಳು ತಾವಾಗಿ ಕಡಿಮೆಯಾಗುತ್ತವೆ. ಸ್ಕ್ಯಾನ್ ಮಾಡುವಾಗ ಮಹಿಳೆ ಬೋರಲು ಮಲಗಿರುತ್ತಾರೆ. ಸ್ತನಗಳು ಕಾಯಿಲ್ ಎಂಬ ಸಾಧನದ ಎರಡು ಕುಳಿಗಳಲ್ಲಿ ಇಳಿಬಿದ್ದಿರುತ್ತವೆ. ಮೊದಲು ಒಂದು ಸುತ್ತು ಚಿತ್ರ ತೆಗೆಯುತ್ತಾರೆ. ಆಮೇಲೆ ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಇರುವ ಕಾಂಟ್ರಾಸ್ಟ್ ಔಷಧ ಕೊಡುತ್ತಾರೆ. ಅದು ರಕ್ತದಲ್ಲಿ ಹರಿದು ಬರುವಾಗ ಒಂದೆರಡು ನಿಮಿಷಕ್ಕೊಮ್ಮೆ ಅದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಕ್ಯಾನ್ಸರ್ ಬೆಳೆಯಲು ರಕ್ತ ಬೇಕು. ಅದಕ್ಕಾಗಿ ಅದು ಅವಸರದಲ್ಲಿ ಹೊಸ ರಕ್ತನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವು ಸೋರುವ ನಾಳಗಳು. ಕಾಂಟ್ರಾಸ್ಟ್ ಅಲ್ಲಿ ಹೊರಗೆ ಜಿನುಗಿ ಆ ಜಾಗ ಬೆಳ್ಳಗಾಗುತ್ತದೆ. 1980ರ ದಶಕದ ನಡುವೆ ಜರ್ಮನಿಯ ವೈದ್ಯರು ಇದನ್ನು ತೋರಿಸಿಕೊಟ್ಟರು. ಇವತ್ತಿಗೂ ಈ ಪರೀಕ್ಷೆ ನಿಂತಿರುವುದು ಅದೇ ತತ್ವದ ಮೇಲೆ.

ಅಂದರೆ ನಮಗೆ ಕಾಣುವುದು ರಕ್ತದ ಓಡಾಟ. ರಕ್ತ ಜಾಸ್ತಿ ಹರಿಯಲು ಕ್ಯಾನ್ಸರೇ ಬೇಕಿಲ್ಲ. ಹಾರ್ಮೋನ್, ಉರಿಯೂತ, ಹಳೆಯ ಗಾಯ, ಸಾಧಾರಣ ಗಂಟು, ಯಾವುದಾದರೂ ಸಾಕು. ಕೆಲವು ಕ್ಯಾನ್ಸರ್‌ಗಳು ರಕ್ತವನ್ನು ನಿಧಾನವಾಗಿ, ಕಡಿಮೆ ಎಳೆದುಕೊಳ್ಳುತ್ತವೆ. ಮುಂದೆ ಹೇಳುವ ತಪ್ಪುಗಳಲ್ಲಿ ಬಹಳಷ್ಟಕ್ಕೆ ಬೇರು ಇಲ್ಲೇ ಇದೆ.

ಮೊದಲು ಚಿತ್ರ ಸರಿಯಿದೆಯಾ?

ಸ್ಕ್ಯಾನ್ ತೆರೆದಾಗ ನಾನು ಸ್ತನಕ್ಕಿಂತ ಮುಂಚೆ ಹೃದಯ ನೋಡುತ್ತೇನೆ. ಔಷಧ ಸರಿಯಾಗಿ ಒಳಗೆ ಹೋಗಿದ್ದರೆ ಹೃದಯವೂ ದೊಡ್ಡ ರಕ್ತನಾಳಗಳೂ ಬೆಳ್ಳಗಿರಬೇಕು. ಸೂಜಿ ಜಾರಿ ಔಷಧ ಚರ್ಮದಡಿ ಸೋರಿದ್ದರೆ ಹೃದಯ ಮಂಕಾಗಿರುತ್ತದೆ. ಆಗ ಸ್ತನದಲ್ಲಿ ಏನಿದ್ದರೂ ಹೊಳೆಯುವುದಿಲ್ಲ. ಇದನ್ನು ಗಮನಿಸದೆ 'ಏನೂ ಕಂಡಿಲ್ಲ' ಎಂದು ಬರೆದ ರಿಪೋರ್ಟಿಗೆ ಬೆಲೆಯೇ ಇಲ್ಲ. ನೋಡಲು ಹತ್ತು ಸೆಕೆಂಡ್ ಸಾಕು. ದಯವಿಟ್ಟು ಬಿಡಬೇಡಿ.

ಮುಂದಿನದು ಕಳೆಯುವ ಲೆಕ್ಕ. ಎಂಆರ್‌ಐಯಲ್ಲಿ ಬೇರೆ ಬೇರೆ ಬಗೆಯ ಚಿತ್ರ ತೆಗೆಯುತ್ತಾರೆ, ಅದರಲ್ಲಿ ಟಿ1 ಎಂಬ ಬಗೆಯಲ್ಲಿ ಕೊಬ್ಬು ತನ್ನಷ್ಟಕ್ಕೇ ಬೆಳ್ಳಗಿರುತ್ತದೆ. ಹಾಗಾಗಿ ಔಷಧ ಕೊಟ್ಟ ನಂತರದ ಚಿತ್ರದಿಂದ ಮೊದಲಿನ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಉಳಿಯುವುದು ಔಷಧ ಹೀರಿದ ಜಾಗ ಮಾತ್ರ. ಇದಕ್ಕೆ ಸಬ್‌ಟ್ರಾಕ್ಷನ್ ಚಿತ್ರ ಎನ್ನುತ್ತಾರೆ. ನೋಡಲು ಸುಲಭ, ಚೆಂದ. ಆದರೆ ಎರಡು ಚಿತ್ರಗಳ ನಡುವೆ ರೋಗಿ ಒಂದೆರಡು ಮಿಲಿಮೀಟರ್ ಅಲುಗಾಡಿದರೂ ಲೆಕ್ಕ ತಪ್ಪುತ್ತದೆ. ಕೊಬ್ಬಿನ ಅಂಚು ಕೊಬ್ಬಿನ ಮೇಲೆ ಕೂರುವುದಿಲ್ಲ. ಇಲ್ಲದ ಕಡೆ ಬಿಳಿ ಗೆರೆ ಹುಟ್ಟುತ್ತದೆ. ಮಾಮೂಲಿ ನೀರುಗುಳ್ಳೆಯ ಸುತ್ತ ಬಿಳಿ ಉಂಗುರದಂತೆ ಕಾಣುತ್ತದೆ. ಅಂಚು ಹೊಳೆಯುವ ಉಂಗುರ ಕ್ಯಾನ್ಸರಿನ ಲಕ್ಷಣವೂ ಹೌದಲ್ಲ, ಮೋಸ ಹೋಗುವುದು ಅಲ್ಲೇ. ಒಂದು ಸುಳಿವು ಇದೆ. ಅಲುಗಾಟದಿಂದ ಹುಟ್ಟಿದ ಉಂಗುರದಲ್ಲಿ ಒಂದು ಬದಿ ಬಿಳಿ, ಅದರ ಎದುರು ಬದಿ ಕಪ್ಪು ಇರುತ್ತದೆ. ಅನುಮಾನ ಬಂದರೆ ಕಳೆಯುವ ಮೊದಲಿನ ಮೂಲ ಚಿತ್ರಗಳಿಗೆ ವಾಪಸ್ ಹೋಗಲೇಬೇಕು.

ಹಾಗಂತ ಮೂಲ ಚಿತ್ರ ಮಾತ್ರ ನೋಡಿದರೂ ಸಾಲದು. ಹಾಲಿನ ನಾಳದಲ್ಲಿ ಹಳೆಯ ರಕ್ತವೋ ಗಟ್ಟಿ ದ್ರವವೋ ಇದ್ದರೆ ಅದು ಔಷಧ ಕೊಡುವ ಮೊದಲೇ ಬೆಳ್ಳಗಿರುತ್ತದೆ. ನಂತರದ ಚಿತ್ರ ಮಾತ್ರ ನೋಡಿದವರು ಅದು ಔಷಧ ಹೀರಿದೆ ಎಂದುಕೊಳ್ಳುತ್ತಾರೆ. ಇಲ್ಲಿ ಕಾಪಾಡುವುದು ಕಳೆದ ಚಿತ್ರ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಕೊಬ್ಬಿನ ಬಿಳುಪನ್ನು ಅಡಗಿಸುವ ತಂತ್ರ ಕಂಕುಳಿನ ಹತ್ತಿರ, ಸ್ತನದ ಕೆಳಭಾಗದಲ್ಲಿ ಕೈಕೊಡುವುದುಂಟು. ಆಗ ಬರೀ ಕೊಬ್ಬು ಗಡ್ಡೆಯ ಹಾಗೆ ಹೊಳೆಯುತ್ತದೆ. ಹೃದಯದ ಬಡಿತ ನೆರಳಿನಂತಹ ಪಟ್ಟೆಗಳನ್ನು ಎಳೆಯುತ್ತದೆ. ಹಿಂದೆ ಹಾಕಿದ ಲೋಹದ ಕ್ಲಿಪ್ ಸುತ್ತ ಕಪ್ಪು ಹೊಂಡ ಕಾಣುತ್ತದೆ, ಅದರೊಳಗೆ ಅಡಗಿದ್ದು ಗೊತ್ತಾಗುವುದಿಲ್ಲ. ಇನ್ನು ಸ್ತನ ಕುಳಿಯಲ್ಲಿ ಪೂರ್ತಿ ಇಳಿಯದಿದ್ದರೆ ಕಂಕುಳಿನ ಕಡೆಯ ಭಾಗ ಚಿತ್ರದಲ್ಲಿ ಸರಿಯಾಗಿ ಬರುವುದೇ ಇಲ್ಲ. ಟೆಕ್ನಿಷಿಯನ್ ತಾಳ್ಮೆಯಿಂದ ಐದು ನಿಮಿಷ ಹೆಚ್ಚು ತೆಗೆದುಕೊಂಡು ಮಲಗಿಸಿದರೆ, ಓದುವ ಡಾಕ್ಟರ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಅವರ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಎಂಬುದು ನನ್ನ ಅನಿಸಿಕೆ.

ಸ್ತನ ತಾನೇ ಹೊಳೆಯುವ ದಿನಗಳು

ಆರೋಗ್ಯವಾಗಿರುವ ಸ್ತನವೂ ಸ್ವಲ್ಪ ಔಷಧ ಹೀರುತ್ತದೆ. ಇದನ್ನು ಹಿನ್ನೆಲೆಯ ಹೊಳಪು ಎನ್ನೋಣ. ರಿಪೋರ್ಟಿನಲ್ಲಿ ಇದನ್ನು ತೀರಾ ಕಡಿಮೆ, ಸ್ವಲ್ಪ, ಮಧ್ಯಮ, ಜಾಸ್ತಿ ಎಂದು ನಾಲ್ಕು ಮಟ್ಟದಲ್ಲಿ ಬರೆಯುತ್ತಾರೆ. ಇದನ್ನು ಕುಣಿಸುವುದು ಹಾರ್ಮೋನ್. ಮುಟ್ಟಾದ ಎರಡನೇ ವಾರದಲ್ಲಿ ಇದು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಏರುತ್ತದೆ. ಹಾಲೂಡಿಸುವ ತಾಯಿಯಲ್ಲಿ ತುಂಬಾ ಜಾಸ್ತಿ. ಮುಟ್ಟು ನಿಂತ ಮೇಲೆ ಇಳಿಯುತ್ತದೆ, ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಮತ್ತೆ ಏರಬಹುದು. ಸ್ತನ ಕ್ಯಾನ್ಸರಿಗೆ ಕೊಡುವ, ಹಾರ್ಮೋನಿಗೆ ತಡೆ ಹಾಕುವ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ತಗ್ಗುತ್ತದೆ.

ಅದಕ್ಕೇ ಮುಂಜಾಗ್ರತೆಗಾಗಿ ಮಾಡಿಸುವ ಸ್ಕ್ಯಾನ್ ಆದರೆ ಆ ಎರಡನೇ ವಾರಕ್ಕೆ ದಿನ ಗೊತ್ತು ಮಾಡುವುದು ಒಳ್ಳೆಯದು. ಕ್ಯಾನ್ಸರ್ ಇದೆ ಎಂದು ಆಗಲೇ ಗೊತ್ತಿದ್ದು, ಚಿಕಿತ್ಸೆಗೆ ಮುನ್ನ ಸ್ಕ್ಯಾನ್ ಬೇಕಿದ್ದರೆ ವಾರ ನೋಡುತ್ತಾ ಕೂರಬಾರದು.

ಹಿನ್ನೆಲೆಯ ಹೊಳಪಿಗೆ ಒಂದು ನಡಿಗೆ ಇದೆ. ರಕ್ತ ಸ್ತನಕ್ಕೆ ಬರುವುದು ಅಂಚುಗಳಿಂದ. ಹಾಗಾಗಿ ಮೊದಲು ಅಂಚು ಹೊಳೆದು, ಆಮೇಲೆ ನಿಧಾನವಾಗಿ ಒಳಗೆ ಹಬ್ಬುತ್ತದೆ, ಫೋಟೋಗೆ ಚೌಕಟ್ಟು ಹಾಕಿದ ಹಾಗೆ. ಎರಡೂ ಸ್ತನಗಳಲ್ಲಿ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಹೀಗಿದ್ದರೆ ಗಾಬರಿ ಬೇಡ. ಒಂದೇ ಬದಿಯಲ್ಲಿ, ಮೊಲೆತೊಟ್ಟಿನ ಕಡೆಗೆ ತುದಿ ಮಾಡಿದ ತ್ರಿಕೋನದ ಹಾಗೆ ಅಥವಾ ನಾಳದ ಗೆರೆಯುದ್ದಕ್ಕೂ, ಗಂಟುಗಂಟಾಗಿ ಹೊಳೆಯುತ್ತಿದ್ದರೆ ಅದು ಹಿನ್ನೆಲೆ ಅಲ್ಲ. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್, ಅಂದರೆ ಡಿಸಿಐಎಸ್, ಹಾಗೆ ಕಾಣುತ್ತದೆ. 'ಹಾರ್ಮೋನ್ ಇರಬಹುದು' ಎಂದು ಅದನ್ನು ತಳ್ಳಿಹಾಕುವುದು ದೊಡ್ಡ ತಪ್ಪು.

ಇನ್ನೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು ಸ್ತನಕ್ಕೆ ವಿಕಿರಣ ಚಿಕಿತ್ಸೆ ಆಗಿದ್ದರೆ ಆ ಬದಿ ಮಂಕಾಗಿರುತ್ತದೆ. ಆಗ ಚೆನ್ನಾಗಿರುವ ಇನ್ನೊಂದು ಸ್ತನವೇ ವಿಪರೀತ ಹೊಳೆಯುತ್ತಿದೆ ಅನಿಸುತ್ತದೆ. ಹಿಂದಿನ ಚಿಕಿತ್ಸೆಯ ವಿಷಯ ಗೊತ್ತಿಲ್ಲದೆ ಓದಿದವರು ದಾರಿ ತಪ್ಪುತ್ತಾರೆ. ಇನ್ನೊಂದು, ಮ್ಯಾಮೋಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಸ್ತನ ದಟ್ಟವಾಗಿದೆ ಎಂದರೆ ಎಂಆರ್‌ಐಯಲ್ಲಿ ಹಿನ್ನೆಲೆ ಹೊಳಪೂ ಜಾಸ್ತಿ ಇರಬೇಕು ಎಂದೇನಿಲ್ಲ. ಅವು ಬೇರೆ ಬೇರೆ ಅಳತೆಗಳು.

ಗೆರೆಯನ್ನು ನಂಬಿ ಕೆಟ್ಟವರು

ಔಷಧ ಒಂದು ಗಂಟಿನೊಳಗೆ ಎಷ್ಟು ಬೇಗ ಬಂತು, ಬಂದ ಮೇಲೆ ನಿಂತಿತೋ ಹೊರಟಿತೋ ಎಂಬುದನ್ನು ಒಂದು ಗೆರೆಯಾಗಿ ಬರೆಯಬಹುದು. ಗೆರೆ ಮೂರು ಥರ. ಕೊನೆಯವರೆಗೂ ಏರುತ್ತಲೇ ಹೋಗುವುದು. ಏರಿ ಸಮತಟ್ಟಾಗುವುದು. ಬೇಗ ಏರಿ ಇಳಿದುಬಿಡುವುದು. ಮೊದಲನೆಯದು ಸಾಧು, ಕೊನೆಯದು ಅಪಾಯ, ಇಷ್ಟು ಪಾಠ ಎಲ್ಲರಿಗೂ ಬಾಯಿಪಾಠ. ತೊಂದರೆ ಶುರುವಾಗುವುದು ಇದನ್ನು ತೀರ್ಪು ಎಂದುಕೊಂಡಾಗ.

ಜರ್ಮನಿಯ ಕ್ರಿಸ್ಟಿಯಾನೆ ಕೂಲ್ ಮತ್ತು ಅವರ ಜೊತೆಗಾರರು 1999ರಲ್ಲಿ 266 ಗಂಟುಗಳ ಗೆರೆಗಳನ್ನು ಪ್ರಕಟಿಸಿದರು. ಏರಿ ಇಳಿಯುವ ಗೆರೆ ಸುಮಾರು 57 ಪ್ರತಿಶತ ಕ್ಯಾನ್ಸರ್‌ಗಳಲ್ಲಿ ಕಂಡಿತು, ಸಾಧಾರಣ ಗಂಟುಗಳಲ್ಲಿ 5.5 ಪ್ರತಿಶತ ಮಾತ್ರ. ಏರುತ್ತಲೇ ಹೋಗುವ ಗೆರೆ 83 ಪ್ರತಿಶತ ಸಾಧಾರಣ ಗಂಟುಗಳಲ್ಲಿತ್ತು. ಕೇಳಲು ಚೆನ್ನಾಗಿದೆ. ಆದರೆ ಅದೇ ಸಾಧು ಗೆರೆ ಸುಮಾರು 9 ಪ್ರತಿಶತ ಕ್ಯಾನ್ಸರ್‌ಗಳಲ್ಲೂ ಇತ್ತು. ಬರೀ ಗೆರೆ ನೋಡಿ ಮನೆಗೆ ಕಳಿಸಿದ್ದರೆ ನೂರು ಕ್ಯಾನ್ಸರ್‌ನಲ್ಲಿ ಒಂಬತ್ತು ಕೈತಪ್ಪುತ್ತಿದ್ದವು. ಡಿಸಿಐಎಸ್, ಲೋಬ್ಯುಲರ್ ಎಂಬ ಜಾತಿಯ ಕ್ಯಾನ್ಸರ್ ಇವೆರಡೂ ನಿಧಾನವಾಗಿ ಔಷಧ ಹೀರುವುದು ಸಾಮಾನ್ಯ. ಇನ್ನೊಂದು ಕಡೆ, ಸ್ತನದೊಳಗಿನ ಆರೋಗ್ಯವಂತ ದುಗ್ಧಗ್ರಂಥಿ (ಲಿಂಫ್ ನೋಡ್, ಹಾಲಿನ ಗ್ರಂಥಿಯಲ್ಲ) ಬೇಗ ಏರಿ ಇಳಿಯುವ ಗೆರೆ ತೋರಿಸುತ್ತದೆ.

ಹಾಗಾಗಿ ಮೊದಲು ಆಕಾರ, ಆಮೇಲೆ ಗೆರೆ. ಅಂಚು ಮುಳ್ಳುಮುಳ್ಳಾಗಿದ್ದರೆ, ಆಕಾರ ಅಂಕುಡೊಂಕಾಗಿದ್ದರೆ, ಗೆರೆ ಎಷ್ಟೇ ಸಾಧುವಾಗಿರಲಿ, ಬಯಾಪ್ಸಿ ಬೇಕು, ಅಂದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಬೇಕು. ಗೆರೆ ಬರೆಯಲು ಗಂಟಿನ ಯಾವ ಜಾಗವನ್ನು ಅಳೆದರು ಎಂಬುದೂ ಮುಖ್ಯ. ಅತಿ ಬೇಗ ಹೊಳೆದ ತುಣುಕನ್ನು ಹುಡುಕಿ ಅಳೆಯಬೇಕು. ಇಡೀ ಗಂಟಿನ ಸರಾಸರಿ ತೆಗೆದರೆ ಒಳಗಿನ ಸತ್ತ ಭಾಗವೂ ಸೇರಿಕೊಂಡು ಗೆರೆ ಸಪ್ಪೆಯಾಗುತ್ತದೆ. ಕಂಪ್ಯೂಟರ್ ಹಚ್ಚುವ ಕೆಂಪು, ಹಸಿರು ಬಣ್ಣಗಳ ಕಥೆಯೂ ಇದೇ. ಒಂದು ಮಿತಿ ದಾಟಿದರೆ ಬಣ್ಣ, ಇಲ್ಲದಿದ್ದರೆ ಇಲ್ಲ. ಬಣ್ಣ ಬಂದಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಎಂದಲ್ಲ.

ವೇಷ ಹಾಕುವವು

ಶಸ್ತ್ರಚಿಕಿತ್ಸೆಯೋ ಪೆಟ್ಟೋ ಆದ ಜಾಗದಲ್ಲಿ ಕೊಬ್ಬು ಸತ್ತು ಗಂಟಾಗುವುದುಂಟು. ಎಂಆರ್‌ಐಯಲ್ಲಿ ಇದು ಉಂಗುರದ ಹಾಗೆ ಹೊಳೆದು ಥೇಟ್ ಕ್ಯಾನ್ಸರಿನಂತೆ ಕಾಣಬಲ್ಲದು. ಬಿಡಿಸಲು ಒಂದೇ ಚಿತ್ರ ಸಾಕಾಗಬಹುದು: ಕೊಬ್ಬನ್ನು ಅಡಗಿಸದೆ ತೆಗೆದ ಟಿ1. ಗಂಟಿನ ಒಡಲು ಪಕ್ಕದ ಕೊಬ್ಬಿನಷ್ಟೇ ಬೆಳ್ಳಗಿದ್ದರೆ ಅದು ಕೊಬ್ಬು. ಈ ಚಿತ್ರವನ್ನು ತೆಗೆದಿದ್ದರೂ ತೆರೆದು ನೋಡದೆ ಬರೆದ ರಿಪೋರ್ಟಿನಿಂದ ಒಬ್ಬ ಮಹಿಳೆ ಎಷ್ಟು ರಾತ್ರಿ ನಿದ್ದೆ ಕೆಡುತ್ತಾರೆ ಯೋಚಿಸಿ. ದುಗ್ಧಗ್ರಂಥಿಯನ್ನೂ ಹೀಗೇ ಗುರುತಿಸಬಹುದು. ಹುರುಳಿಕಾಳಿನ ಆಕಾರ, ನಡುವೆ ಚೂರು ಕೊಬ್ಬು, ಪಕ್ಕದಲ್ಲೇ ಒಂದು ರಕ್ತನಾಳ.

ಫೈಬ್ರೊಅಡಿನೋಮಾ ಎಂಬ ಸಾಧಾರಣ ಗಂಟು ನುಣುಪಾಗಿರುತ್ತದೆ. ಒಳಗೆ ಔಷಧ ಹೀರದ ಕಪ್ಪು ಗೆರೆಗಳಿರುತ್ತವೆ. ನೀರನ್ನು ಬೆಳ್ಳಗೆ ತೋರಿಸುವ ಟಿ2 ಚಿತ್ರದಲ್ಲಿ ಅದು ಅನೇಕ ಸಲ ಬೆಳ್ಳಗಿರುತ್ತದೆ. ಇದರಿಂದ 'ಟಿ2ನಲ್ಲಿ ಬಿಳಿ ಇದ್ದರೆ ಭಯವಿಲ್ಲ' ಎಂಬ ಅಡ್ಡದಾರಿ ಹುಟ್ಟಿಕೊಂಡಿದೆ. ಈ ದಾರಿ ಅಪಾಯದ್ದು. ಲೋಳೆ ತುಂಬಿದ ಮ್ಯೂಸಿನಸ್ ಕ್ಯಾನ್ಸರ್ ಟಿ2ನಲ್ಲಿ ಬೆಳ್ಳಗಿರುತ್ತದೆ. ಟ್ರಿಪಲ್ ನೆಗೆಟಿವ್ ಎಂಬ ಉಗ್ರ ಜಾತಿಯ ಕ್ಯಾನ್ಸರ್ ದುಂಡಗೆ, ನುಣುಪಾಗಿ ಬೆಳೆಯಬಹುದು. ಒಳಗೆ ಸತ್ತ ಭಾಗವಿದ್ದರೆ ಅದೂ ಟಿ2ನಲ್ಲಿ ಬಿಳಿ. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನ್ ಬದಲಾವಣೆ ಇರುವವರಲ್ಲಿ ಇಂಥದ್ದು ಹೆಚ್ಚು. ಅವರಲ್ಲಿ ಹೊಸದಾಗಿ ಒಂದು ನುಣುಪು ಗಂಟು ಕಂಡರೆ 'ಸಾಧಾರಣ ಇರಬಹುದು' ಎಂದು ಕಾಯುವುದಕ್ಕಿಂತ ಸೂಜಿ ಹಾಕಿ ನೋಡುವುದೇ ಸರಿ. ಒಂದೇ ಚಿತ್ರ, ಆದರೆ ಯಾರ ಚಿತ್ರ ಎಂಬುದರ ಮೇಲೆ ಓದು ಬದಲಾಗುತ್ತದೆ.

ಈಗ ಈ ಲೇಖನದಲ್ಲಿ ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವ ಮಾತು. ಮ್ಯಾಮೋಗ್ರಾಮಿನಲ್ಲಿ ಕಾಣುವ ಸುಣ್ಣದ ಸಣ್ಣ ಕಣಗಳು ಎಂಆರ್‌ಐಯಲ್ಲಿ ಕಾಣುವುದಿಲ್ಲ. ಡಿಸಿಐಎಸ್ ಎಷ್ಟೋ ಸಲ ತನ್ನನ್ನು ತೋರಿಸಿಕೊಳ್ಳುವುದು ಆ ಕಣಗಳ ಮೂಲಕವೇ. ಹಾಗಾಗಿ ಮ್ಯಾಮೋಗ್ರಾಮ್ ನೋಡಿ 'ಬಯಾಪ್ಸಿ ಮಾಡಿ' ಎಂದಿದ್ದರೆ, ಎಂಆರ್‌ಐ ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ಕೈಬಿಡಬಾರದು. ಕೈಗೆ ಸಿಗುವ ಅನುಮಾನದ ಗಂಟಿಗೂ ಇದೇ ಮಾತು. ದುಬಾರಿ ಪರೀಕ್ಷೆ, ದೊಡ್ಡ ಯಂತ್ರ, ಆದ್ದರಿಂದ ಅದರ ಮಾತೇ ಕೊನೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಎಂಆರ್‌ಐ, ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಒಂದೊಂದೂ ಬೇರೆ ಬೇರೆ ವಿಷಯ ನೋಡುತ್ತವೆ. ಒಂದು ಕಂಡದ್ದನ್ನು ಇನ್ನೊಂದು ಅಳಿಸಲಾರದು.

ಒಂದು ಸಿಕ್ಕಿತು ಅಂತ ನಿಲ್ಲಬಾರದು

ದೊಡ್ಡ ಗಡ್ಡೆ ಕಣ್ಣಿಗೆ ಬಿದ್ದ ಮೇಲೆ ಹುಡುಕಾಟ ಸಡಿಲವಾಗುತ್ತದೆ. ಇದು ಮನುಷ್ಯನ ಸ್ವಭಾವ. ಇದನ್ನು ಗೆಲ್ಲಲು ಪ್ರತಿ ಸಲ ಒಂದೇ ಕ್ರಮದಲ್ಲಿ ನೋಡುವ ರೂಢಿ ಬೇಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸ್ತನದಲ್ಲಿ ಕ್ಯಾನ್ಸರ್ ಇದ್ದ 969 ಮಹಿಳೆಯರಿಗೆ ಎಂಆರ್‌ಐ ಮಾಡಿದರು. ಮ್ಯಾಮೋಗ್ರಾಮಿಗೂ ಕೈಪರೀಕ್ಷೆಗೂ ಸಿಗದ ಕ್ಯಾನ್ಸರ್ ಇನ್ನೊಂದು ಸ್ತನದಲ್ಲಿ 30 ಮಂದಿಗೆ ಸಿಕ್ಕಿತು, ಅಂದರೆ 3.1 ಪ್ರತಿಶತ. ಇನ್ನೊಂದು ಸ್ತನ, ಎರಡೂ ಕಂಕುಳು, ಎದೆಮೂಳೆಯ ಪಕ್ಕದ ಗ್ರಂಥಿಗಳು, ಚರ್ಮ, ಮೂಳೆ, ಚಿತ್ರದ ತಳದಲ್ಲಿ ಇಣುಕುವ ಯಕೃತ್ತು, ಎಲ್ಲವನ್ನೂ ಸುತ್ತಿ ಬರಬೇಕು. ಗಡ್ಡೆ ಎದೆಯ ಸ್ನಾಯುವಿಗೆ ತಾಗಿದ್ದರೆ ಸಾಕು, ಒಳಗೆ ಇಳಿದಿದೆ ಎಂದು ಬರೆದುಬಿಡುವವರಿದ್ದಾರೆ. ಸ್ನಾಯು ತಾನೇ ಅಸಹಜವಾಗಿ ಹೊಳೆಯುತ್ತಿದ್ದರೆ ಮಾತ್ರ ಹಾಗೆನ್ನಬೇಕು.

ಇದರ ಎದುರು ತಪ್ಪೂ ಇದೆ. ಹೆಚ್ಚು ಕಂಡಷ್ಟೂ ಹೆಚ್ಚು ಕತ್ತರಿಸುವುದು. ಬ್ರಿಟನ್‌ನಲ್ಲಿ ಸ್ತನ ಕ್ಯಾನ್ಸರ್ ಇದ್ದ 1623 ಮಹಿಳೆಯರ ಮೇಲೆ ನಡೆದ ಕಾಮಿಸ್ ಎಂಬ ಅಧ್ಯಯನ 2010ರಲ್ಲಿ ಹೊರಬಂತು. ಎಂಆರ್‌ಐ ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಎರಡನೇ ಶಸ್ತ್ರಚಿಕಿತ್ಸೆ ಬೇಕಾದದ್ದು ಒಂದೇ ಪ್ರಮಾಣ, ಸುಮಾರು 19 ಪ್ರತಿಶತ. ಚಿತ್ರದಲ್ಲಿ ಹೆಚ್ಚುವರಿ ಚುಕ್ಕೆ ಕಂಡು ಅದರಿಂದ ಆಪರೇಷನ್ ದೊಡ್ಡದಾಗುವುದಿದ್ದರೆ ಮೊದಲು ಆ ಚುಕ್ಕೆಯ ಬಯಾಪ್ಸಿ ಆಗಲೇಬೇಕು. ಬರೀ ಚಿತ್ರ ನಂಬಿ ಪೂರ್ತಿ ಸ್ತನ ತೆಗೆಸುವ ನಿರ್ಧಾರ ಸರಿಯಲ್ಲ.

ಎಂಆರ್‌ಐಯಲ್ಲಿ ಕಂಡದ್ದನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕುವುದು ವಾಡಿಕೆ, ಸೂಜಿ ಹಾಕಲು ಅದು ಸುಲಭ. ಆದರೆ ಎಂಆರ್‌ಐಗೆ ಬೋರಲು ಮಲಗಿದ್ದರು, ಅಲ್ಟ್ರಾಸೌಂಡಿಗೆ ಅಂಗಾತ ಮಲಗುತ್ತಾರೆ. ಸ್ತನ ಚಪ್ಪಟೆಯಾಗಿ ಗಂಟು ಸೆಂಟಿಮೀಟರ್‌ಗಟ್ಟಲೆ ಜಾರುತ್ತದೆ. ಹತ್ತಿರದಲ್ಲಿ ಇನ್ನೇನೋ ಸಿಕ್ಕಿ ಅದೇ ಇದು ಎಂದುಕೊಳ್ಳುವುದು ಸುಲಭ. ಗಾತ್ರ, ಆಕಾರ, ಸುತ್ತಲಿನ ಕೊಬ್ಬು ತಾಳೆಯಾಗುತ್ತದಾ ನೋಡಬೇಕು. ಸಿಗಲೇ ಇಲ್ಲ ಎಂದರೆ? ಅನುಮಾನ ಹಾಗೇ ಉಳಿಯುತ್ತದೆ, ಎಂಆರ್‌ಐ ನೋಡುತ್ತಲೇ ಬಯಾಪ್ಸಿ ಮಾಡಬೇಕು. ಬಯಾಪ್ಸಿಯ ಫಲಿತಾಂಶ ಬಂದ ಮೇಲೆ ಚಿತ್ರದ ಜೊತೆ ಇಟ್ಟು ನೋಡಬೇಕು. ಮುಳ್ಳು ಅಂಚಿನ ಗಡ್ಡೆಗೆ 'ಸಹಜ ಅಂಗಾಂಶ' ಎಂಬ ಉತ್ತರ ಬಂದಿದ್ದರೆ ಸೂಜಿ ಗುರಿ ತಪ್ಪಿರಬಹುದು. ಮತ್ತೆ ಮಾಡಿಸಬೇಕು.

ಕೀಮೋಥೆರಪಿ ಆದ ಮೇಲೆ ಚಿತ್ರದಲ್ಲಿ ಹೊಳಪು ಮಾಯವಾಗುವುದು ಸಂತೋಷದ ಸುದ್ದಿಯೇ. ಆದರೆ ಕೀಮೋ ಔಷಧಿ ರಕ್ತನಾಳಗಳನ್ನು ತಗ್ಗಿಸಿರುತ್ತದೆ, ಕ್ಯಾನ್ಸರ್ ಕೋಶಗಳು ಚದುರಿ ಉಳಿದಿರಬಹುದು. ಗಡ್ಡೆ ಇದ್ದ ಜಾಗದ ಶಸ್ತ್ರಚಿಕಿತ್ಸೆಯನ್ನು ಚಿತ್ರ ನೋಡಿ ಬಿಟ್ಟುಬಿಡುವ ಹಾಗಿಲ್ಲ.

ರಿಪೋರ್ಟಿನ ಕೊನೆಯ ಸಂಖ್ಯೆ

ಕೊನೆಯಲ್ಲಿ ಬೈ-ರಾಡ್ಸ್ ಎಂಬ ಹೆಸರಿನ ಮುಂದೆ 0ಯಿಂದ 6ರವರೆಗೆ ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ಪದ್ಧತಿ ಇದು. ಜನ ತಪ್ಪು ತಿಳಿಯುವುದು 4ನ್ನು. 4 ಎಂದರೆ ಕ್ಯಾನ್ಸರ್ ಎಂದಲ್ಲ. ಸಾಧ್ಯತೆ 2 ಪ್ರತಿಶತಕ್ಕಿಂತ ಹೆಚ್ಚು, 95ಕ್ಕಿಂತ ಕಡಿಮೆ ಎಂದಷ್ಟೇ. ಎಷ್ಟು ಅಗಲದ ಪಟ್ಟಿ ನೋಡಿ! ಅದು ಹೇಳುವುದು ಒಂದೇ: ಬಯಾಪ್ಸಿ ಮಾಡಿಸಿ. 5 ಎಂದರೆ ಸಾಧ್ಯತೆ 95 ಅಥವಾ ಅದಕ್ಕಿಂತ ಹೆಚ್ಚು. 6 ಎಂದರೆ ಕ್ಯಾನ್ಸರ್ ಎಂದು ಆಗಲೇ ಖಚಿತವಾಗಿದೆ.

ಡಾಕ್ಟರುಗಳು ಎಡವುವುದು 3ರಲ್ಲಿ. ಸಾಧ್ಯತೆ 2 ಪ್ರತಿಶತ ಮೀರದಾಗ, ಆರು ತಿಂಗಳಲ್ಲಿ ಮತ್ತೆ ನೋಡೋಣ ಎನ್ನುವುದಕ್ಕೆ ಇರುವ ಸಂಖ್ಯೆ ಅದು. ತೀರ್ಮಾನಕ್ಕೆ ಬರಲಾಗದಾಗ ಸುಮ್ನೆ 3 ಎಂದು ಬರೆದು ಮುಂದೂಡುವುದಕ್ಕಲ್ಲ. ಹಾಗೆ ಬರೆದರೆ ಒಬ್ಬರು ಆರು ತಿಂಗಳು ಭಯದಲ್ಲೇ ಕಳೆಯುತ್ತಾರೆ, ಇಲ್ಲವೇ ಒಂದು ನಿಜವಾದ ಕ್ಯಾನ್ಸರಿಗೆ ಆರು ತಿಂಗಳ ಬಿಡುವು ಸಿಗುತ್ತದೆ. ಎಷ್ಟೋ ಸಲ ಹಳೆಯ ಸ್ಕ್ಯಾನ್ ತರಿಸಿ ಪಕ್ಕದಲ್ಲಿಟ್ಟರೆ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ವರ್ಷಗಳಿಂದ ಕದಲದ ಚುಕ್ಕೆ ಒಂದು ಥರ, ಹೊಸದಾಗಿ ಹುಟ್ಟಿದ್ದು ಇನ್ನೊಂದು ಥರ.

ನೆದರ್ಲೆಂಡ್ಸ್‌ನಲ್ಲಿ ತೀರಾ ದಟ್ಟ ಸ್ತನ ಇರುವ ಮಹಿಳೆಯರಿಗೆ ಎಂಆರ್‌ಐ ಮಾಡಿದ ಡೆನ್ಸ್ ಅಧ್ಯಯನದಲ್ಲಿ, ಮೊದಲ ಸುತ್ತಿನಲ್ಲಿ ಸಾವಿರಕ್ಕೆ ಸುಮಾರು 80 ಸುಳ್ಳು ಎಚ್ಚರಿಕೆಗಳು ಬಂದವು. ಎರಡನೇ ಸುತ್ತಿನಲ್ಲಿ ಅದು ಸಾವಿರಕ್ಕೆ ಸುಮಾರು 26ಕ್ಕೆ ಇಳಿಯಿತು. ಎರಡನೇ ಸಲ ಓದುವವರ ಮುಂದೆ ಹೋಲಿಸಲು ಮೊದಲ ಸಲದ ಚಿತ್ರ ಇತ್ತು.

ಆದ್ದರಿಂದ ಸ್ಕ್ಯಾನಿಗೆ ಹೋಗುವವರಲ್ಲಿ ನನ್ನ ಕೋರಿಕೆ. ಹಳೆಯ ಎಂಆರ್‌ಐ, ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್, ಬರೀ ರಿಪೋರ್ಟ್ ಅಲ್ಲ, ಚಿತ್ರಗಳಿರುವ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಕೊನೆಯ ಮುಟ್ಟಿನ ದಿನಾಂಕ ಬರೆದುಕೊಳ್ಳಿ. ಹಾರ್ಮೋನ್ ಮಾತ್ರೆ, ಹಿಂದಿನ ಬಯಾಪ್ಸಿ, ಆಪರೇಷನ್, ವಿಕಿರಣ ಚಿಕಿತ್ಸೆ, ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ, ಎಲ್ಲ ಹೇಳಿ. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಔಷಧ ಕೊಡುವ ಮುಂಚೆಯೇ ತಿಳಿಸಿ. ಕೈಗೆ ಗಂಟು ಸಿಕ್ಕಿದ್ದರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಿ. ಯಾರೂ ಕೇಳದಿದ್ದರೂ ತೋರಿಸಿ.